ಹಡಗು ತಂದದ್ದು, ಮಳೆ ಆರಿಸಿದ್ದು

ಬ್ರಹ್ಮಾವರದ ಸಂತೆಯಲ್ಲಿ ತರಕಾರಿ ಎರಡು ಬಗೆ. ಒಂದು ‘ಘಟ್ಟದ್ದು’, ಇನ್ನೊಂದು ‘ಊರಿನದು’. ಆಲೂಗಡ್ಡೆ, ಕೋಸು, ಕ್ಯಾರೆಟ್, ಟೊಮೇಟೊಗಳು ಲಾರಿಯಲ್ಲಿ ಘಟ್ಟ ಇಳಿದು ಬರುವಂಥವು. ಬಸಳೆ, ಹರಿವೆ, ಅಲಸಂದೆ, ಬಿಳಿ ಬೆಂಡೆ, ಸೌತೆ, ಕೆಸುವಿನ ಎಲೆ, ಗೆಣಸು, ಗಾಂಧಾರಿ ಮೆಣಸು, ಪಪ್ಪಾಯಿಗಳು ಸುತ್ತಲಿನ ಹಿತ್ತಲುಗಳಿಂದ ಬುಟ್ಟಿಯಲ್ಲಿ ಬರುವಂಥವು. ‘ಊರಿನದು’ ಎಂದರೆ ನಾಲ್ಕು ಕಾಸು ಹೆಚ್ಚು. ಕೊಳ್ಳುವವರು ಅದನ್ನು ತಕರಾರಿಲ್ಲದೆ ಕೊಡುತ್ತಾರೆ.

ಆದರೆ ಈ ‘ಊರಿನ’ ಬುಟ್ಟಿಯನ್ನು ಸಸ್ಯವಿಜ್ಞಾನಿಯ ಮುಂದಿಟ್ಟರೆ ಲೆಕ್ಕ ಬೇರೆಯಾಗುತ್ತದೆ. ಗೆಣಸು, ಮೆಣಸು, ಪಪ್ಪಾಯಿ ಮೂರೂ ಅಮೆರಿಕ ಖಂಡದವು. ಅಲಸಂದೆಯನ್ನು ಮೊದಲು ಬೇಸಾಯಕ್ಕೆ ತಂದದ್ದು ಆಫ್ರಿಕದಲ್ಲಿ. ಘಟ್ಟದ ಆಲೂಗಡ್ಡೆ, ಟೊಮೇಟೊಗಳೂ ಅಮೆರಿಕದವೇ. ಹಾಗಾದರೆ ಒಂದೇ ಖಂಡದಿಂದ, ಹೆಚ್ಚುಕಡಿಮೆ ಒಂದೇ ಕಾಲದ ಕಡಲಯಾನಗಳ ಫಲವಾಗಿ ಬಂದ ಗಿಡಗಳಲ್ಲಿ ಮೆಣಸು ಊರಿನದಾಯಿತು, ಟೊಮೇಟೊ ಪರವೂರಿನದಾಗಿಯೇ ಉಳಿಯಿತು. ಯಾಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಹಂಗಾರಕಟ್ಟೆ ಒಳ್ಳೆಯ ಜಾಗ. ಬ್ರಹ್ಮಾವರದಿಂದ ಕೆಲವೇ ಕಿಲೋಮೀಟರ್ ದೂರದ ಈ ಹಳೆಯ ಬಂದರಿನ ಬಳಿ ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಕಡಲು ಸೇರುತ್ತವೆ. ನೀರಿನಾಚೆ ಕೋಡಿ ಬೆಂಗ್ರೆಯ ಹೊಯ್ಗೆಯ ನಾಲಿಗೆ. ಸ್ವಲ್ಪ ಒಳಗೆ, ಸೀತಾನದಿಯ ದಡದಲ್ಲಿ ಬಾರಕೂರು. ಆಳುಪರ ಕಾಲದಿಂದ ವಿಜಯನಗರದ ಕಾಲದವರೆಗೂ ಈ ಕರಾವಳಿಯ ಆಡಳಿತಕ್ಕೂ ವ್ಯಾಪಾರಕ್ಕೂ ಹೆಸರಾದ ಪಟ್ಟಣ ಅದು. ಬಾರಕೂರಿನಿಂದ ಕಡಲಿಗೆ ಹೋಗುವ ದಾರಿ ಈ ಅಳಿವೆಯೇ. ಇಲ್ಲಿನ ಯಾವ ಮನೆಯ ಹಿತ್ತಲಿಗೆ ಹೋದರೂ ಕಡಲ ದಾರಿಯಲ್ಲಿ ಬಂದ ಐದಾರು ಗಿಡಗಳು ಸಿಗುತ್ತವೆ. ಅವು ಯಾವಾಗ ಬಂದವು ಎಂದು ಹೇಳುವ ತಾಮ್ರಶಾಸನ ಮಾತ್ರ ಎಲ್ಲೂ ಸಿಗುವುದಿಲ್ಲ.

ಮೆಣಸಿಲ್ಲದ ಊಟ

ಶಾಸನವಿಲ್ಲದಿದ್ದರೂ ಪ್ರವಾಸಿಗಳ ಬರಹ ಇದೆ. ಮೊರಾಕ್ಕೊ ದೇಶದ ಇಬ್ನ್ ಬತೂತ 1342ರ ಸುಮಾರಿಗೆ ಈ ಕರಾವಳಿಯಲ್ಲಿ ದಕ್ಷಿಣಕ್ಕೆ ಸಾಗಿದ. ಅವನ ಬರಹದಲ್ಲಿ ಬಾರಕೂರು ‘ಫಾಕನೂರ್’ ಆಗಿದೆ. ಅಳಿವೆಯ ಮೇಲಿನ ದೊಡ್ಡ ಪಟ್ಟಣ ಎಂದು ಅವನು ಅದನ್ನು ವರ್ಣಿಸುತ್ತಾನೆ. ಅಲ್ಲಿನ ಒಡೆಯನ ಬಳಿ ಸುಮಾರು 30 ಯುದ್ಧನೌಕೆಗಳಿದ್ದುವೆಂದೂ, ಅಲ್ಲಿ ಬೆಳೆಯುವ ಕಬ್ಬಿಗೆ ಆ ಸೀಮೆಯಲ್ಲೇ ಸಾಟಿ ಇಲ್ಲವೆಂದೂ ಹೇಳುತ್ತಾನೆ. (ಆರೂವರೆ ಶತಮಾನಗಳ ಬಳಿಕ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋದುದನ್ನು ಬಲ್ಲವರಿಗೆ ಈ ಸಾಲು ಓದುವಾಗ ಸ್ವಲ್ಪ ನೋವಾದೀತು.)

ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದ ಎರಡು ಸಂಗತಿಗಳು ಅವನಲ್ಲಿವೆ. ಗೋವೆಯಿಂದ ಕೊಲ್ಲಂವರೆಗಿನ ಇಡೀ ಕರಾವಳಿಯನ್ನು ಅವನು ಮಲಬಾರ್ ಎಂದೇ ಕರೆಯುತ್ತಾನೆ. ಈ ಉದ್ದಕ್ಕೂ ಬೇಸಾಯವಿಲ್ಲದ ಒಂದು ಅಡಿ ನೆಲವೂ ಇಲ್ಲ. ಪ್ರತಿಯೊಬ್ಬನಿಗೂ ತನ್ನದೇ ತೋಟ, ತೋಟದ ನಡುವೆ ಮನೆ, ಸುತ್ತ ಮರದ ಬೇಲಿ, ದಾರಿ ಸಾಗುವುದೇ ಇಂಥ ತೋಟಗಳ ನಡುವೆ ಎಂದು ಬರೆಯುತ್ತಾನೆ. ಇಂದು ಐರೋಡಿಯಿಂದ ಕೋಡಿಯ ಕಡೆಗೆ ನಡೆಯುವವನೂ ಇದನ್ನೇ ಬರೆದಾನು. ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಗುಂಪು ಎಂಬುದು ಬಯಲುಸೀಮೆಯ ಕಲ್ಪನೆ. ಕರಾವಳಿಯಲ್ಲಿ ಊರೆಂದರೆ ಹಿತ್ತಲುಗಳ ಸಾಲು. ಕನಿಷ್ಠ 680 ವರ್ಷಗಳಿಂದಂತೂ ಹೀಗೆಯೇ ಇದೆ.

ಎರಡನೆಯದು, ಇಲ್ಲಿಂದ ಉತ್ತರಕ್ಕಿರುವ ಹೊನ್ನಾವರದ ಸುಲ್ತಾನನ ಮನೆಯಲ್ಲಿ ಅವನು ಉಂಡ ಊಟದ ವಿವರ. ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ತುಪ್ಪದಲ್ಲಿ ಬೇಯಿಸಿದ ತರಕಾರಿ, ಕೊನೆಗೆ ಮೊಸರು. ತುದಿಬಾಳೆಲೆ ಹಾಕಿ ಬಡಿಸಿದರೆ ನಮ್ಮದೇ ಊಟ. ಆದರೆ ಮೆಣಸಿನಕಾಯಿ ಇಲ್ಲ. ಖಾರಕ್ಕೆ ಕಾಳುಮೆಣಸು ಮತ್ತು ಶುಂಠಿ ಮಾತ್ರ.

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರ ವಹಿಸಬೇಕು. ಒಬ್ಬ ಪ್ರವಾಸಿ ಒಂದು ವಸ್ತುವನ್ನು ಹೆಸರಿಸಲಿಲ್ಲ ಎಂದ ಮಾತ್ರಕ್ಕೆ ಅದು ಇರಲಿಲ್ಲ ಎಂದಾಗದು. ಮೆಣಸಿನಕಾಯಿಯ ವಿಷಯದಲ್ಲಿ ಮಾತ್ರ ಬೇರೆ ಬೇರೆ ದಿಕ್ಕಿನ ಸಾಕ್ಷಿಗಳು ಒಂದೇ ಕಡೆ ಬೆರಳು ತೋರುತ್ತವೆ. ಕ್ಯಾಪ್ಸಿಕಮ್ ಕುಲದ ಕಾಡುಬಂಧುಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ಅದನ್ನು ಜನ ಬಳಸಿದ ಸಾವಿರಾರು ವರ್ಷಗಳ ಹಳೆಯ ಕುರುಹುಗಳು ಸಿಗುವುದೂ ಅಲ್ಲೇ. ಕೊಲಂಬಸ್‌ನ 1492ರ ಯಾನಕ್ಕೆ ಮುಂಚಿನ ಏಷ್ಯಾ, ಯುರೋಪು, ಆಫ್ರಿಕಗಳ ಯಾವ ಬರಹದಲ್ಲೂ ಅದರ ಖಚಿತ ಉಲ್ಲೇಖವಿಲ್ಲ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. 1542ರಲ್ಲಿ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಮೆಣಸಿನ ಗಿಡದ ಚಿತ್ರ ಹಾಕಿ ಅದಕ್ಕೆ ‘ಕಲ್ಲಿಕೋಟೆಯ ಮೆಣಸು’ ಎಂದು ಹೆಸರಿಟ್ಟ. ಹೊಸ ಜಗತ್ತಿನ ಗಿಡ ಐವತ್ತೇ ವರ್ಷಗಳಲ್ಲಿ ನಮ್ಮ ಕರಾವಳಿಯದೆಂದು ಯುರೋಪಿನ ಪಂಡಿತರೇ ನಂಬುವಂತಾಗಿತ್ತು! ನಮ್ಮ ಅಜ್ಜಿಯರು ಅದನ್ನು ಊರಿನದೆಂದು ನಂಬಿದ್ದರಲ್ಲಿ ಆಶ್ಚರ್ಯವೇನು?

ಉಳಿದವು ಹೆಚ್ಚು ತಡಮಾಡಲಿಲ್ಲ. ಗೋವೆಯಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯಾ ದ ಓರ್ತ 1563ರಲ್ಲಿ ಅಲ್ಲೇ ಅಚ್ಚಾದ ತನ್ನ ಔಷಧಗ್ರಂಥದಲ್ಲಿ ಗೇರುಬೀಜದ ಮರದ ಸುದ್ದಿ ಎತ್ತುವುದಿಲ್ಲ. 1578ರಲ್ಲಿ ಪುಸ್ತಕ ಪ್ರಕಟಿಸಿದ ಕ್ರಿಸ್ತೊವಾವ್ ದ ಕೋಸ್ತ ಅದನ್ನು ಕೊಚ್ಚಿಯ ತೋಟಗಳಲ್ಲಿ ಕಂಡೆ ಎನ್ನುತ್ತಾನೆ. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟೆನ್ ಅನಾನಸು, ಗೇರು, ಪಪ್ಪಾಯಿ ಮೂರನ್ನೂ ವರ್ಣಿಸುತ್ತಾನೆ. ಪಪ್ಪಾಯಿಯ ಬಗ್ಗೆ ಅವನು ಕೊಡುವ ವಿವರ ಕುತೂಹಲದ್ದು. ಅದು ಸ್ಪೇನಿನವರ ಅಮೆರಿಕದಿಂದ ಫಿಲಿಪೈನ್ಸ್ ಕಡೆಗೆ, ಅಲ್ಲಿಂದ ಮಲಕ್ಕಾಕ್ಕೆ, ಮಲಕ್ಕಾದಿಂದ ಭಾರತಕ್ಕೆ ಬಂತಂತೆ. ಅಂದರೆ ಮೆಣಸಿನಂತೆ ಪಶ್ಚಿಮದಿಂದಲ್ಲ, ಭೂಮಿಯನ್ನು ಎದುರು ದಿಕ್ಕಿನಲ್ಲಿ ಸುತ್ತಿ ಪೂರ್ವದ ಬಾಗಿಲಿನಿಂದ!

ಇವುಗಳನ್ನು ಹಂಗಾರಕಟ್ಟೆಯ ಹಿತ್ತಲಿಗೆ ತಂದವರು ಯಾರು? ಬಾರಕೂರು, ಬಸ್ರೂರುಗಳಿಂದ ಅಕ್ಕಿ ಹೇರಿಕೊಂಡು ಹಡಗುಗಳು ಮಲಬಾರಿಗೂ ಹೊರ್ಮುಜ್, ಏಡನ್‌ಗಳಿಗೂ ಹೋಗುತ್ತಿದ್ದುದನ್ನು 16ನೆಯ ಶತಮಾನದ ಆರಂಭದಲ್ಲಿ ದುವಾರ್ತೆ ಬಾರ್ಬೊಸ ದಾಖಲಿಸಿದ್ದಾನೆ. ಅಕ್ಕಿಗೆ ಪ್ರತಿಯಾಗಿ ತಾಮ್ರ, ತೆಂಗಿನಕಾಯಿ, ಬೆಲ್ಲಗಳು ಬರುತ್ತಿದ್ದುವು. ಸುಂಕದ ಲೆಕ್ಕ ಬರೆಯುವವನಿಗೆ ಬೇಕಾದದ್ದು ಇವು. ಗೋವೆಗೋ ಕೊಚ್ಚಿಗೋ ಹೋಗಿ ಬರುವ ಮಂಜಿಯ ಆಳೊಬ್ಬನ ಸೊಂಟದ ಗಂಟಿನಲ್ಲಿದ್ದ ನಾಲ್ಕು ಬೀಜಕ್ಕೆ ಸುಂಕವಿರಲಿಲ್ಲ. ಹಾಗಾಗಿ ಲೆಕ್ಕವೂ ಇಲ್ಲ.

ಹೆಸರಿನ ಪದರುಗಳು

ಬರೆದಿಟ್ಟ ಲೆಕ್ಕ ಇಲ್ಲದಲ್ಲಿ ಹೆಸರುಗಳೇ ದಾಖಲೆ. ಭೂವಿಜ್ಞಾನಿ ಶಿಲಾಪದರಗಳನ್ನು ಓದುವಂತೆ ಗಿಡಗಳ ಹೆಸರಿಗೆ ಅಂಟಿಕೊಂಡ ವಿಶೇಷಣಗಳನ್ನು ಓದಬಹುದು. ‘ಪರಂಗಿ ಹಣ್ಣು’ ಎಂಬಲ್ಲಿ ಪರಂಗಿ ಎಂದರೆ ಫಿರಂಗಿ, ಯುರೋಪಿನವನು. ‘ಸೀಮೆಬದನೆ’ಯ ಸೀಮೆ ಆಮೇಲಿನ, ಇಂಗ್ಲಿಷರ ಕಾಲದ ಪದರು, ಸೀಮೆಎಣ್ಣೆ, ಸೀಮೆಸುಣ್ಣಗಳ ಜೊತೆಗಿನದು. ‘ದೀವಿಹಲಸು’ ಎಂದರೆ ದ್ವೀಪದ ಹಲಸು. ನಾವು ಜೀಗುಜ್ಜೆ ಎನ್ನುವ ಈ ಮರ ಪೆಸಿಫಿಕ್ ದ್ವೀಪಗಳ ಕಡೆಯದು. ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ತಳಿಗೆ ಬೀಜವೇ ಇಲ್ಲ. ಬೇರಿನ ಚಿಗುರಿನಿಂದಲೇ ಅದನ್ನು ಬೆಳೆಸಬೇಕು. ಅಂದಮೇಲೆ ಯಾರೋ ಒಬ್ಬರು ಜೀವಂತ ಸಸಿಗೆ ನೀರುಣಿಸಿಕೊಂಡೇ ಕಡಲು ದಾಟಿರಬೇಕು. ‘ಅನಾನಸು’ ಎಂಬುದು ದಕ್ಷಿಣ ಅಮೆರಿಕದ ಟುಪಿ ಭಾಷೆಯ ಪದ ಪೋರ್ಚುಗೀಸರ ಬಾಯಿಂದ ಬಂದದ್ದು. ಕರಾವಳಿಯ ‘ಬಟಾಟೆ’ಯ ಕಥೆ ಇನ್ನೂ ಸೊಗಸಾಗಿದೆ. ಕೆರಿಬಿಯನ್ ದ್ವೀಪದ ಜನ ಬಟಾಟ ಎನ್ನುತ್ತಿದ್ದುದು ಸಿಹಿಗೆಣಸಿಗೆ. ಹೆಸರು ದಾರಿಯಲ್ಲಿ ಗಡ್ಡೆ ಬದಲಿಸಿಕೊಂಡಿತು.

ಕೆಲವು ಹೊಸಬರು ಹಳಬರ ಹೆಸರನ್ನೇ ಕಿತ್ತುಕೊಂಡರು. ಹಿಂದೆ ‘ಮೆಣಸು’ ಎಂದರೆ ಬಳ್ಳಿಯ ಕಾಳು. ಇಂದು ಕುಂದಾಪುರದ ಕಡೆ ಬರೇ ಮೆಣಸು ಎಂದರೆ ಮೆಣಸಿನಕಾಯಿ. ಮೂಲದ ಮೆಣಸು ತನ್ನನ್ನು ‘ಒಳ್ಳೆಮೆಣಸು’ ಎಂದು ಗುರುತಿಸಿಕೊಳ್ಳಬೇಕಾಗಿದೆ. ಹೊಳೆಯಾಚೆಯ ತುಳುವಿನಲ್ಲೂ ಹೀಗೆಯೇ: ಮುಂಚಿ ಎಂದರೆ ಮೆಣಸಿನಕಾಯಿ, ಎಡ್ಡೆಮುಂಚಿ ಎಂದರೆ ಕಾಳುಮೆಣಸು.

ಗೇರಿನ ಹೆಸರಿನಲ್ಲಂತೂ ಹಳ್ಳಿಗನೂ ಲಿನೇಯಸ್ಸನೂ ಒಂದೇ ಕೆಲಸ ಮಾಡಿದ್ದಾರೆ. ಗೇರು ಎಂಬುದು ಮೊದಲು ನಮ್ಮ ಕಾಡಿನ ಭಲ್ಲಾತಕದ ಹೆಸರು. ಅಗಸರು ಬಟ್ಟೆಗೆ ಗುರುತು ಹಾಕಲು ಅದರ ಕಾಯಿಯ ರಸವನ್ನು ಬಳಸುತ್ತಿದ್ದರು. ಹೊಸ ಮರ ಬಂದಾಗ ಅದರಲ್ಲೂ ಉಬ್ಬಿದ ರಸಭರಿತ ತೊಟ್ಟು, ಅದರ ತುದಿಯಲ್ಲಿ ಬೀಜ, ಬೀಜದ ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆ. ಜನ ಅದನ್ನೂ ಗೇರು ಎಂದರು, ಹಳೆಯದು ಕರಿಗೇರಾಯಿತು. ಇತ್ತ ಯುರೋಪಿನ ಔಷಧಿ ಅಂಗಡಿಗಳಲ್ಲಿ ‘ಅನಕಾರ್ಡಿಯಮ್’ ಎಂಬುದು ಭಲ್ಲಾತಕದ ಹೆಸರು. 1753ರಲ್ಲಿ ಲಿನೇಯಸ್ ಅದನ್ನು ಎತ್ತಿ ಅಮೆರಿಕದ ಗೇರಿಗೆ ಕೊಟ್ಟ. 1782ರಲ್ಲಿ ಅವನ ಮಗ ಭಲ್ಲಾತಕಕ್ಕೆ ‘ಸೆಮೆಕಾರ್ಪಸ್ ಅನಕಾರ್ಡಿಯಮ್’ ಎಂಬ ಬೇರೆ ಹೆಸರು ಹುಡುಕಬೇಕಾಯಿತು. ಎರಡೂ ಒಂದೇ ಕುಟುಂಬಕ್ಕೆ, ಮಾವಿನ ಕುಟುಂಬಕ್ಕೆ ಸೇರಿದವು. ಹಳ್ಳಿಗನ ಕಣ್ಣು ತಪ್ಪಿರಲಿಲ್ಲ.

ಹೆಸರು ಇಲ್ಲಿಂದ ಅಲ್ಲಿಗೂ ಹೋಗಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಪ್ರಕಟಿಸಿದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥಕ್ಕೆ ನೆರವಾದವರು ಇಟ್ಟಿ ಅಚ್ಯುತನ್ ಎಂಬ ವೈದ್ಯ ಹಾಗೂ ರಂಗಭಟ್, ವಿನಾಯಕ ಪಂಡಿತ, ಅಪ್ಪುಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಅದರಲ್ಲಿ ನಮ್ಮ ಬಸಳೆ ‘ಬಸೆಲ್ಲಾ’ ಎಂದೇ ಇದೆ. ಲಿನೇಯಸ್ ಆ ಹೆಸರನ್ನೇ ಕುಲನಾಮವಾಗಿ ಉಳಿಸಿಕೊಂಡ. ಬಸೆಲ್ಲಾ ಆಲ್ಬ ಎಂದು ಜಗತ್ತಿನ ಯಾವ ಮೂಲೆಯ ಸಸ್ಯವಿಜ್ಞಾನಿ ಬರೆದರೂ ಬಚ್ಚಲಿನ ಬಳಿಯ ಚಪ್ಪರದ ಬಳ್ಳಿಯನ್ನು ನಮ್ಮ ಹೆಸರಿನಿಂದಲೇ ಕರೆಯುತ್ತಿದ್ದಾನೆ. ಅದೇ ಗ್ರಂಥದಲ್ಲಿ ಗೇರು ‘ಕಪಾಮಾವ’, ಅನಾನಸು ‘ಕಪಾಚಕ್ಕ’. ಕಪ್ಪಲ್ ಎಂದರೆ ಹಡಗು. ಹಡಗಿನ ಮಾವು, ಹಡಗಿನ ಹಲಸು ಎಂದು ಇದಕ್ಕೆ ಅರ್ಥ ಹೇಳುತ್ತಾರೆ. ಬಂದು ನೂರು ವರ್ಷವಾದರೂ ಜನ ದಾರಿಯನ್ನು ಮರೆತಿರಲಿಲ್ಲ.

ಹೆಸರೊಂದನ್ನೇ ನಂಬಿದರೆ ಮೋಸ ಹೋಗುವುದೂ ಉಂಟು. ಅಲಸಂದೆಯನ್ನು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣಕ್ಕೆ ಜೋಡಿಸುವವರಿದ್ದಾರೆ. ಕೇಳಲು ಚೆನ್ನ. ಆದರೆ ಅಲಸಂದೆ ಆಫ್ರಿಕದಿಂದ ಭಾರತಕ್ಕೆ ಬಂದದ್ದು ಅಲೆಕ್ಸಾಂಡ್ರಿಯಾ ಹುಟ್ಟುವುದಕ್ಕೂ ಬಹಳ ಮುಂಚೆ. ಸಾಂಬಾರಿಗೆ ಹಾಕುವ ನಮ್ಮ ಮಂಗಳೂರು ಸೌತೆಯೂ ಹೀಗೆಯೇ. ಹೆಸರು ಸೌತೆ, ಆದರೆ ಸಸ್ಯವಿಜ್ಞಾನದ ಲೆಕ್ಕದಲ್ಲಿ ಅದು ಕರ್ಬೂಜದ ಪ್ರಭೇದದ ಒಂದು ಬಗೆ. ಹಸಿಯಾಗಿ ತಿನ್ನುವ ಮುಳ್ಳುಸೌತೆ ಬೇರೆಯೇ ಪ್ರಭೇದ.

ತಿಥಿಯ ಅಡುಗೆ ಎಂಬ ಪಳೆಯುಳಿಕೆ

ಇನ್ನೊಂದು ದಾಖಲೆ ಅಡುಗೆಮನೆಯಲ್ಲೇ ಇದೆ. ಈ ಭಾಗದ ಬಹಳಷ್ಟು ಬ್ರಾಹ್ಮಣ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕೋಸುಗಳನ್ನು ಬಳಸುವುದಿಲ್ಲ. ಖಾರಕ್ಕೆ ಒಳ್ಳೆಮೆಣಸು, ಶುಂಠಿ. ತರಕಾರಿಗೆ ಬಾಳೆಕಾಯಿ, ಹಾಗಲ, ಕೆಸು, ಸುವರ್ಣಗಡ್ಡೆ ಮೊದಲಾದವು. ಕಾರಣ ಕೇಳಿದರೆ ‘ಹಿಂದಿನಿಂದ ಬಂದದ್ದು’ ಎನ್ನುತ್ತಾರೆ. ಮಾತು ಅಕ್ಷರಶಃ ನಿಜ. ಹೊನ್ನಾವರದಲ್ಲಿ ಇಬ್ನ್ ಬತೂತ ಉಂಡ ಊಟದ ಸಸ್ಯಪಟ್ಟಿ ಇಲ್ಲಿ ವರ್ಷಕ್ಕೊಮ್ಮೆ ಜೀವ ತಳೆಯುತ್ತದೆ. ಆಚರಣೆ ಬದಲಾವಣೆಗೆ ಒಗ್ಗದಿರುವುದರಿಂದ ಹಳೆಯದನ್ನು ಕಾಪಿಡುತ್ತದೆ. ಅಂಬರದಲ್ಲಿ ಸಿಕ್ಕಿಬಿದ್ದ ಕೀಟದ ಹಾಗೆ.

ಈ ಪಳೆಯುಳಿಕೆಯಲ್ಲೂ ದೋಷಗಳಿವೆ. ಕೆಲವು ಮನೆಗಳಲ್ಲಿ ಇದೇ ನೆಲದ ಹಳೆಯ ತರಕಾರಿಗಳಾದ ನುಗ್ಗೆ, ಬದನೆಗಳೂ ಅಂದು ವರ್ಜ್ಯ. ಅದಕ್ಕೆ ಕಾಲಗಣನೆಯಲ್ಲ, ಬೇರೆ ಕಾರಣಗಳಿವೆ. ಇನ್ನು ಕೆಲವು ಮನೆಗಳಲ್ಲಿ ಸಿಹಿಗೆಣಸು ಆಗುತ್ತದೆ! ಅಮೆರಿಕದ ಗಡ್ಡೆ ಇಲ್ಲಿ ನುಸುಳಿದ್ದು ಹೇಗೆ? ಗೆಣಸು ಎಂಬ ಹಳೆಯ ಹೆಸರನ್ನು ಹೊದ್ದುಕೊಂಡು. ಮುಳ್ಳುಗೆಣಸು, ತೂಣಗೆಣಸುಗಳೆಂಬ ಹಳೆಯ ಬಳ್ಳಿಗಡ್ಡೆಗಳ ಸಾಲಿನಲ್ಲಿ ಅದು ಸದ್ದಿಲ್ಲದೆ ಕುಳಿತುಬಿಟ್ಟಿದೆ. ಇದೇ ಹೆಸರಿನಡಿ ಆಮೇಲೆ ಮರಗೆಣಸೂ ಬಂತು.

ಮಳೆಯ ಪರೀಕ್ಷೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಡಗು ತಂದದ್ದೆಲ್ಲ ಹಿತ್ತಲಲ್ಲಿ ನಿಲ್ಲಲಿಲ್ಲ ಏಕೆ?

ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಡಿಸೆಂಬರ್ ಬಳಿಕ ಮೇ ತನಕ ಹೆಚ್ಚುಕಡಿಮೆ ಒಣ. ಮಣ್ಣು ಒಂದೋ ಹೊಯ್ಗೆ, ಇಲ್ಲವೇ ಮುರಕಲ್ಲಿನ ಆಮ್ಲೀಯ ಕೆಂಪು ಮಣ್ಣು. ಮಳೆಗೆ ಸುಣ್ಣ, ಪೊಟ್ಯಾಶಿಯಮ್‌ಗಳು ಕರಗಿ ಹೋಗುತ್ತವೆ. ಬೇಸಿಗೆಯಲ್ಲಿ ಅಳಿವೆಯ ಬಳಿಯ ಬಾವಿಗಳ ನೀರು ಉಪ್ಪಾಗುತ್ತದೆ. ಚಳಿಗಾಲ ಎಂಬುದು ಹೆಸರಿಗೆ ಮಾತ್ರ. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯುವ ದಿನಗಳು ಕೆಲವೇ. ಹೊಸ ಗಿಡಕ್ಕೆ ಇಷ್ಟು ವಿಷಯಗಳಲ್ಲಿ ಪರೀಕ್ಷೆ.

ಆಲೂಗಡ್ಡೆ ಆಂಡೀಸ್ ಪರ್ವತದ ತಂಪಿನದು. ಅದರ ಗಡ್ಡೆ ಚೆನ್ನಾಗಿ ಕಟ್ಟಲು ರಾತ್ರಿ 15ರಿಂದ 20 ಡಿಗ್ರಿಯ ತಂಪು ಬೇಕು. ಬಿಸಿ ರಾತ್ರಿಗಳಲ್ಲಿ ಗಿಡ ಸೊಂಪಾಗಿ ಬೆಳೆದೀತು, ಗಡ್ಡೆ ಕಟ್ಟದು. ಟೊಮೇಟೊ ಕೂಡ ಬಿಸಿ ರಾತ್ರಿಯಲ್ಲಿ ಕಾಯಿ ಕಚ್ಚುವುದು ಕಡಿಮೆ. ಅದಕ್ಕಿಂತ ದೊಡ್ಡ ಶತ್ರು ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಸೊಲನೇಸಿಯಾರಮ್ ಎಂಬ ಬ್ಯಾಕ್ಟೀರಿಯಾ ನಮ್ಮಂಥ ಬಿಸಿ, ತೇವ, ಆಮ್ಲೀಯ ಮಣ್ಣಿನಲ್ಲಿ ಹಾಯಾಗಿರುತ್ತದೆ. ಬೇರಿನ ಮೂಲಕ ಹೊಕ್ಕು ನೀರು ಸಾಗಿಸುವ ನಾಳಗಳನ್ನು ಕಟ್ಟಿಹಾಕುತ್ತದೆ. ಬೆಳಿಗ್ಗೆ ಹಸಿರಾಗಿದ್ದ ಗಿಡ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ಹೀಗಾಗಿ ಘಟ್ಟದ ರಸ್ತೆಗಳು ಸುಧಾರಿಸಿದ ಮೇಲೆ ಅಡುಗೆಮನೆ ಬಟಾಟೆ, ಟೊಮೇಟೊಗಳನ್ನು ಒಪ್ಪಿಕೊಂಡಿತು, ಹಿತ್ತಲು ಒಪ್ಪಲಿಲ್ಲ. ಸಂತೆಯ ‘ಘಟ್ಟದ್ದು’, ‘ಊರಿನದು’ ಎಂಬ ವಿಂಗಡಣೆ ಮೂಲದೇಶದ ಲೆಕ್ಕವಲ್ಲ, ಹವೆ ಮತ್ತು ಮಣ್ಣಿನ ಲೆಕ್ಕ.

ತೇರ್ಗಡೆಯಾದವುಗಳನ್ನು ನೋಡಿ. ಸಿಹಿಗೆಣಸಿಗೆ ತಂಪು ರಾತ್ರಿ ಬೇಡ, ಹೊಯ್ಗೆ ಮಣ್ಣು ಇಷ್ಟ. ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ಬಳ್ಳಿಯ ತುಂಡು ಊರಿದರೆ ನೆಲದಲ್ಲಿ ಉಳಿದ ತೇವದಲ್ಲೇ ಬಹುಮಟ್ಟಿಗೆ ಬೆಳೆಯುತ್ತದೆ. ಗೇರು ಗುಡ್ಡದ ಮುರಕಲ್ಲಿನ ಸಂದಿನಲ್ಲೂ ಬೇರಿಳಿಸುತ್ತದೆ. ಅನಾನಸು ತನ್ನ ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಸಂಗ್ರಹಿಸುವ ಜಾತಿ. ಒಣ ತಿಂಗಳುಗಳಲ್ಲಿ ನೀರು ಬೇಡುವುದಿಲ್ಲ. ಗಾಂಧಾರಿ ಮೆಣಸಿಗಂತೂ ಮಾಲೀಕನೇ ಬೇಕಿಲ್ಲ. ಅದರ ಖಾರಕ್ಕೆ ಕಾರಣವಾದ ಕ್ಯಾಪ್ಸೇಸಿನ್ ನಮ್ಮ ನಾಲಿಗೆಯ ನರತುದಿಯ ಗ್ರಾಹಿಯನ್ನು ಕೆಣಕುತ್ತದೆ, ಹಕ್ಕಿಗಳ ಗ್ರಾಹಿಗೆ ಅದು ತಾಗುವುದಿಲ್ಲ. ಅಮೆರಿಕದ ಹಕ್ಕಿಗಳಿಗಾಗಿ ವಿಕಾಸಗೊಂಡ ಏರ್ಪಾಡು ನಮ್ಮ ಪಿಕಳಾರಗಳಿಗೂ ಹೊಂದಿತು. ಹಕ್ಕಿ ತಿಂದು ಬೇಲಿಯ ಮೇಲೆ ಕುಳಿತಲ್ಲೆಲ್ಲ ಹೊಸ ಗಿಡ. ಬಂದ ಗಿಡಕ್ಕೆ ಊರಿನ ಹಕ್ಕಿ ಸಿಕ್ಕಿದ್ದೂ ಅದು ಊರಿನದಾಗಲು ಒಂದು ಕಾರಣ.

ಹಿತ್ತಲಿನ ಒಡತಿ ಈ ಪರೀಕ್ಷೆಯಲ್ಲಿ ಸುಮ್ಮನೆ ಕೂತವಳಲ್ಲ. ಮಳೆಗಾಲದಲ್ಲಿ ನೀರು ನಿಲ್ಲದಂತೆ ಏರು ಹಾಕಿ ಬೆಂಡೆ, ಚಪ್ಪರ ಕಟ್ಟಿ ಹೀರೆ, ಹಾಗಲ, ಪಡವಲ. ಮಳೆ ಮುಗಿದ ಮೇಲೆ ಗದ್ದೆಯಲ್ಲಿ ಸೌತೆ, ಹರಿವೆ, ಅಲಸಂದೆ, ಮೆಣಸು. ವರ್ಷವಿಡೀ ಬಚ್ಚಲಿನ ನೀರು ಹರಿಯುವಲ್ಲಿ ಬಸಳೆ, ಕೆಸು, ಬಾಳೆ. ಬೇಸಿಗೆಯಲ್ಲಿ ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಸುಡುವ ‘ಸುಡುಮಣ್ಣು’ ಈ ಸೀಮೆಯ ಹಳೆಯ ಗೊಬ್ಬರ. ಅದರ ಬೂದಿ ಕ್ಷಾರೀಯ. ಮಳೆ ತೊಳೆದುಕೊಂಡು ಹೋದ ಪೊಟ್ಯಾಶಿಯಮ್ ಅದರಿಂದ ಅಷ್ಟಿಷ್ಟು ಹಿಂದೆ ಬರುತ್ತದೆ, ಆಮ್ಲೀಯತೆ ತಗ್ಗುತ್ತದೆ. ಪಿಎಚ್ ಕಾಗದವಿದ್ದರೆ ಶಾಲೆಯಲ್ಲೇ ಪರೀಕ್ಷಿಸಬಹುದು: ಹಿತ್ತಲಿನ ಕೆಂಪು ಮಣ್ಣು ಒಂದು ಲೋಟದಲ್ಲಿ, ಸುಡುಮಣ್ಣು ಇನ್ನೊಂದರಲ್ಲಿ, ಎರಡಕ್ಕೂ ಸೋಸಿದ ಮಳೆನೀರು.

ಆಟಿಯ ಮಳೆಯಲ್ಲಿ ಮಾಡುವ ಪತ್ರೊಡೆಯಲ್ಲಿ ಈ ಚರಿತ್ರೆಯೆಲ್ಲ ಒಂದೇ ಕಡೆ ಸುತ್ತಿಕೊಂಡಿದೆ. ಕೆಸುವೂ ಅಕ್ಕಿಯೂ ಏಷ್ಯಾದವು. ಎಲೆಯ ತುರಿಕೆಗೆ ಕಾರಣವಾದ ಕ್ಯಾಲ್ಶಿಯಮ್ ಆಕ್ಸಲೇಟ್ ಸೂಜಿಗಳ ಉಪದ್ರವ ಕಡಿಮೆಮಾಡಲು ಹಾಕುವ ಹುಣಸೆ ಮೂಲದಲ್ಲಿ ಆಫ್ರಿಕದ ಮರ, ಆದರೆ ಬಹು ಹಿಂದೆಯೇ ನಮ್ಮದಾದದ್ದು. ಮೆಣಸು ಅಮೆರಿಕದ್ದು. ಇದರಲ್ಲಿ ‘ನಮ್ಮದಲ್ಲದ್ದನ್ನು’ ಬೇರ್ಪಡಿಸಲು ಹೊರಟವನಿಗೆ ಬಾಯಿ ತುರಿಕೆಯೇ ಗತಿ.

ಅಟ್ಟದ ಹೊಗೆ

ಹಡಗು ತಂದ ಗಿಡವನ್ನು ಮಳೆ ಆರಿಸಿದರೂ ಐದು ಶತಮಾನ ಅದನ್ನು ಉಳಿಸಿದ್ದು ಬೀಜ ಕಾಯುವ ಕೆಲಸ. ನಮ್ಮ ಹವೆಯಲ್ಲಿ ಇದು ಸುಲಭದ್ದಲ್ಲ. ಬೀಜದ ಆಯುಸ್ಸಿನ ಬಗ್ಗೆ ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಹೇಳಿದ ಸರಳ ಸೂತ್ರವಿದೆ: ಬೀಜದ ತೇವಾಂಶ ಶೇಕಡ 1ರಷ್ಟು ಇಳಿದರೆ, ಅಥವಾ ಉಷ್ಣತೆ ಸುಮಾರು 5 ಡಿಗ್ರಿ ಇಳಿದರೆ ಬೀಜದ ಆಯುಸ್ಸು ಇಮ್ಮಡಿಯಾಗುತ್ತದೆ. ಕರಾವಳಿಯಲ್ಲಿ ಉಷ್ಣತೆ ಇಳಿಸುವ ಉಪಾಯವಿರಲಿಲ್ಲ. ಉಳಿದದ್ದು ತೇವಾಂಶ. ಹಾಗಾಗಿ ಬಲಿತ ಹೀರೆಕಾಯಿಯನ್ನು ಹಾಗೆಯೇ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು, ಅಲಸಂದೆಯ ಬೀಜವನ್ನು ಬೂದಿಯಲ್ಲಿ ಬೆರೆಸಿಡುತ್ತಿದ್ದರು. ಮಳೆಗಾಲದ ನಾಲ್ಕೂ ತಿಂಗಳು ಒಲೆಯ ಬಿಸಿಗಾಳಿ ಬೀಜವನ್ನು ಒಣಗಿಸುತ್ತಿತ್ತು, ಹೊಗೆ ಹುಳುವನ್ನು ದೂರವಿಡುತ್ತಿತ್ತು. ಮಂಗಳೂರು ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿದರೆ ಮಳೆಗಾಲಕ್ಕೆ ತರಕಾರಿಯೂ ಆಯಿತು, ಬೀಜವೂ ಆಯಿತು.

ಗ್ಯಾಸಿನ ಒಲೆ ಬಂತು, ಅಟ್ಟದ ಹೊಗೆ ನಿಂತಿತು. ಆ ಹೊಗೆ ಕುಡಿದು ಕೆಮ್ಮಿದ ಹೆಂಗಸರಿದ್ದ ಮನೆಯವರು ಯಾರೂ ಅದು ಮರಳಿ ಬರಲಿ ಎನ್ನಲಾರರು, ಎನ್ನಲೂ ಬಾರದು. ಆದರೆ ಹೊಗೆಯ ಜೊತೆ ಬೀಜ ಒಣಗಿಸುವ ಯಂತ್ರವೂ ಮನೆಯಿಂದ ಹೊರಟುಹೋಯಿತು ಎಂಬುದನ್ನು ಯಾರೂ ಗಮನಿಸಲಿಲ್ಲ. ಒಂದು ಮಳೆಗಾಲ ಬೀಜ ಬೂಸ್ಟು ಹಿಡಿದರೆ ಸಾಕು, ಒಂದು ಮನೆತನದ ಬೆಂಡೆ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಪೇಟೆಯ ಪೊಟ್ಟಣ. ಬಳ್ಳಿಯ ತುಂಡಿನಿಂದ ಬೆಳೆಯುವ ಬಸಳೆ, ಗೆಣಸುಗಳು ಉಳಿದುಕೊಂಡವು. ಬೀಜ ಕಾಯಬೇಕಾದ ಬೆಂಡೆ, ಸೌತೆ, ಹರಿವೆಯ ಮನೆತಳಿಗಳು ಹೋದವು. ಹೊಗೆಯಿಲ್ಲದೆಯೂ ಇದಕ್ಕೆ ದಾರಿಯಿದೆ. ಅಕ್ಕಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಬಿಸಿಮಾಡಿ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಆರಲು ಬಿಟ್ಟು, ಅದರೊಳಗೆ ತೆಳುಬಟ್ಟೆಯಲ್ಲಿ ಕಟ್ಟಿದ ಬೀಜ ಇಟ್ಟರೆ ಒಣ ಅಕ್ಕಿ ಬೀಜದ ತೇವ ಹೀರಿಕೊಳ್ಳುತ್ತದೆ. ಎರಡು ವಾರ ಬಿಟ್ಟು ಬೀಜವನ್ನು ಬೇರೆ ಒಣ ಬಾಟಲಿಗೆ ಹಾಕಿದರಾಯಿತು. ಜೂನ್‌ನಲ್ಲಿ ಒಂದೇ ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ಹೀಗೆ ಇಟ್ಟು ಇನ್ನೊಂದನ್ನು ಕಾಗದದ ಪೊಟ್ಟಣದಲ್ಲಿ ಬಿಟ್ಟು, ಅಕ್ಟೋಬರಿನಲ್ಲಿ ನೂರು ನೂರು ಬೀಜ ಮೊಳಕೆಗೆ ಹಾಕಿ ಎಣಿಸಿದರೆ ಪ್ರೌಢಶಾಲೆಗೆ ಒಳ್ಳೆಯ ಪ್ರಯೋಗ.

ಉಡುಪಿಯ ದಕ್ಷಿಣಕ್ಕೆ ಕಟಪಾಡಿಯ ಬಳಿಯ ಮಟ್ಟುವಿನಲ್ಲಿ ಒಂದು ಊರೇ ಸೇರಿ ತನ್ನ ಬದನೆಯ ಬೀಜ ಕಾದುಕೊಂಡಿದೆ. ಮಟ್ಟುಗುಳ್ಳದ ಬೀಜ ಕೊಟ್ಟವರು ವಾದಿರಾಜರು ಎಂಬುದು ಅಲ್ಲಿನ ನಂಬಿಕೆ. ಅವರು 16ನೆಯ ಶತಮಾನದವರು. ಮೆಣಸು ಈ ಕರಾವಳಿಗೆ ಕಾಲಿಟ್ಟದ್ದೂ ಅದೇ ಶತಮಾನದಲ್ಲಿ. 2011ರಲ್ಲಿ ಆ ಗುಳ್ಳಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬದನೆ ಏಷ್ಯಾದ್ದೇ ಆದರೂ, ಟೊಮೇಟೊವನ್ನು ಕೊಲ್ಲುವ ಸೊರಗು ರೋಗ ಅದನ್ನೂ ಬಿಡುವುದಿಲ್ಲ. ಇದಕ್ಕೆ ಈಗಿನ ಒಂದು ಉಪಾಯ ಕಸಿ. ರೋಗ ತಡೆಯುವ ಸುಂಡೆಯ ಬುಡಕ್ಕೆ ಬದನೆಯ ಕುಡಿ ಕಟ್ಟುತ್ತಾರೆ. ಸುಂಡೆ ಬೇಲಿಬದಿಯಲ್ಲಿ ತಾನಾಗಿ ಬೆಳೆಯುವ ಗಿಡ, ಯಾರನ್ನು ಕೇಳಿದರೂ ಊರಿನದೇ ಎನ್ನುತ್ತಾರೆ. ಸಸ್ಯವಿಜ್ಞಾನಿಗಳ ಪ್ರಕಾರ ಅದರ ತವರು ಉಷ್ಣವಲಯದ ಅಮೆರಿಕ. ಕಸಿಯ ಗಂಟಿನ ಮೇಲೆ ಬದನೆ, ಕೆಳಗೆ ನಮ್ಮ ಮಣ್ಣಿನ ಬ್ಯಾಕ್ಟೀರಿಯಾದೊಂದಿಗೆ ಸೆಣಸುವ ಬೇರು ಹಡಗಿನದು.